ಮಣ್ಣೆತ್ತಿನ ಅಮಾವಾಸ್ಯೆಯ ಹನ್ನೊಂದು ಆರ್ಡರ್

2025ರ ಜುಲೈ 7, ಸೋಮವಾರ, ಬೆಳಿಗ್ಗೆ 10.40. ಕೊಪ್ಪಳದ ಸೈಬರ್ ಅಪರಾಧ ಠಾಣೆಗೆ ಮರಳಿಯ ಹುಲಗಮ್ಮ ದೂರು ತಂದರು. ಊರಿನ ಮಹಿಳಾ ಸಂಘ ಆನ್‌ಲೈನ್‌ನಲ್ಲಿ ಸೋನಾ ಮಸೂರಿ ಅಕ್ಕಿ ಮಾರುತ್ತಿತ್ತು. ಅವರು ಅದರ ಅಧ್ಯಕ್ಷೆ. ಜೂನ್ ತಿಂಗಳ ಜಾಹೀರಾತು ವರದಿಯಲ್ಲಿ 212 ಆರ್ಡರ್. ಗೋದಾಮಿನಿಂದ ಹೋದ ಪಾರ್ಸೆಲ್ 64.

"ಉಳಿದ ಗಿರಾಕಿಗೆ ನಾನ ಹೊರಗಿನ ಅಕ್ಕಿ ತಂದು ಮಾರೀನಿ ಅಂತ ಸಂಘದವರ ಅಂತಾರ್ರಿ. ಗೋದಾಮಿನ ಕೀಲಿ ಕಸಗೊಂಡಾರ. ಹದಿನಾಲ್ಕು ವರ್ಷ ಅದು ನನ್ನ ಸೆರಗಿನಾಗ ಇತ್ರಿ."

"ಜಾಹೀರಾತು ನೋಡಿಕೊಳ್ಳೋರು ಯಾರು?" ಇನ್ಸ್‌ಪೆಕ್ಟರ್ ಕಲ್ಲೇಶ ಕೇಳಿದರು.

"ಗಂಗಾವತಿ ಸಿದ್ದೇಶ. ಆರ್ಡರಿಗಿಷ್ಟು ಅಂತ ಕಮಿಷನ್."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಕಡತ ಕಾನ್‌ಸ್ಟೆಬಲ್ ಮೆಹಜಬೀನಳ ಮೇಜಿಗೆ ಬಂತು. ಇರಕಲ್ಲಗಡದ ಆಕೆ ಬಿಸಿಎ ಓದಿ ಖಾಕಿ ತೊಟ್ಟವಳು. ಠಾಣೆಯಲ್ಲಿ ಪ್ರಿಂಟರ್ ಕೆಟ್ಟರೂ ಅವಳನ್ನೇ ಕರೆಯುತ್ತಿದ್ದರು. ಎರಡು ದಿನ ಅವಳು ಪರದೆ ಬಿಟ್ಟು ಏಳಲಿಲ್ಲ.

"ಸರ್, ಈ ಆರ್ಡರ್ ಸುದ್ದಿ ಗಿರಾಕಿ ಮೊಬೈಲಿಂದ ಹೋಗಿಲ್ಲ. ಸಂಘದ ಪುಟ ನಡಸೋ ಸರ್ವರ್ ನೇರವಾಗಿ ಜಾಹೀರಾತು ಕಂಪನಿಗೆ 'ಮಾರಾಟ ಆತು' ಅಂತ ಹೇಳೈತಿ."

"ತಿಳಿಯೋಹಂಗ ಹೇಳವ್ವಾ."

"ಮದಿವಿಯಾಗ ಎಷ್ಟು ಮಂದಿ ಉಂಡ್ರು ಅಂತ ಉಂಡೋರನ್ನ ಕೇಳಿಲ್ಲರಿ. ಬಡಿಸಿದಾವ ಹೇಳಿದ್ದ ಖರೆ ಅಂದಾರ."

"ಬಡಿಸಿದಾವ ಸಿದ್ದೇಶ?"

"ಸರ್ವರ್ ಅವನ ಕೈಯಾಗ ಐತ್ರಿ. ಆದ್ರ ಯಾವುದು ಸುಳ್ಳು, ಯಾವುದು ಖರೆ ಅನ್ನೋದಕ್ಕ ಒಂದು ಗುರುತು ಬೇಕು."

ಆ ಗುರುತು ಜುಲೈ 9ರಂದು ಮರಳಿಯಲ್ಲಿ ಸಿಕ್ಕಿತು. ಗೋದಾಮಿನ ಗೂಡಿನಲ್ಲಿ ಒಂದು ಜೋಡಿ ಮಣ್ಣಿನ ಎತ್ತು, ಒಂದರ ಕೋಡು ಮುರಿದಿತ್ತು. ಮೆಹಜಬೀನ ಅವನ್ನೇ ನೋಡುತ್ತ ನಿಂತಳು.

"ಮಣ್ಣೆತ್ತಿನ ಅಮಾಸೀವು," ಹುಲಗಮ್ಮ ಅಂದರು. "ಅಕ್ಕಿ ಅಂದ್ರ ಲಕ್ಷ್ಮಿ, ಅಮಾಸಿ ದಿನ ನಾವು ಹೊರಗ ಕಳಸಂಗಿಲ್ಲ ತಂಗಿ. ಆರ್ಡರ್ ತಗೊಳ್ಳೋದೂ ಬಂದ್ ಮಾಡ್ತೀವಿ."

"ಮೊಬೈಲಿನಾಗೂ?"

"ನಸುಕಿನ್ಯಾಗ ಎದ್ದು ನಾನ ಆರ್ಡರ್ ಪುಟ ಮುಚ್ಚತೀನಿ. ಮರುದಿನ ತೆರಿತೀನಿ."

ಮೆಹಜಬೀನ ದಾಖಲೆ ತೆರೆದಳು. ಜೂನ್ 25, ಬುಧವಾರ, ಮಣ್ಣೆತ್ತಿನ ಅಮಾವಾಸ್ಯೆ. ಆರ್ಡರ್ ಪುಟ ನಸುಕಿನಿಂದಲೇ ಮುಚ್ಚಿತ್ತು. ಮುಚ್ಚಿದ ಮೇಲೂ ಸರ್ವರ್ ಕಳಿಸಿದ ಮಾರಾಟದ ಸುದ್ದಿ, ಹನ್ನೊಂದು.

ಜುಲೈ 10, ಮಧ್ಯಾಹ್ನ 2.15. ಗಂಗಾವತಿಯಲ್ಲಿ ಸಿದ್ದೇಶನ ಕಚೇರಿ. ಬಾಗಿಲ ಮೇಲೆ ಕೈಯಿಂದ ಬರೆದ ಬೋರ್ಡು. ಊರಿನ ಅರ್ಧ ಅಂಗಡಿಗಳ ಮೇಲೆ ಅದೇ ಕೈಬರಹ. ಪಂಚರ ಸಮಕ್ಷಮ ಲ್ಯಾಪ್‌ಟಾಪ್ ತೆರೆಯಲಾಯಿತು.

"ಜೂನ್ 25ಕ್ಕ ಎಷ್ಟು ಆರ್ಡರ್?" ಕಲ್ಲೇಶ ಕೇಳಿದರು.

"ಹನ್ನೊಂದ್ರಿ."

"ಪುಟ ಮುಚ್ಚಿತ್ತಲ್ಲ?"

"ಹಿಂದಿನ ದಿನದ್ದು... ಸರ್ವರ್ ತಡಾ ಮಾಡಿರಬೇಕ್ರಿ."

"ಯಾರ ಆರ್ಡರ್? ಒಂದು ಹೆಸರು ಹೇಳು."

ಸಿದ್ದೇಶ ನೀರು ಕುಡಿದ.

"ಅವತ್ತು ನಿಮ್ಮ ಮನ್ಯಾಗ ಎತ್ತು ಮಾಡಿದ್ರಿಲ್ಲೋ?" ಮೆಹಜಬೀನ ಕೇಳಿದಳು.

"ಮಾಡಿದ್ವಿ."

"ನೀ ಅಮಾಸಿ ಮಾಡಿದಿ. ನಿನ್ನ ಪ್ರೋಗ್ರಾಮಿಗೆ ಹೇಳೋದು ಮರತಿ."

ದಿನವೂ ತಾನಾಗಿಯೇ ಸುಳ್ಳು ಆರ್ಡರ್ ಕಳಿಸುವ ಪ್ರೋಗ್ರಾಮು ಅದೇ ಲ್ಯಾಪ್‌ಟಾಪಿನಲ್ಲಿ ಸಿಕ್ಕಿತು. 4.10ಕ್ಕೆ ಪಂಚನಾಮೆ ಮುಗಿಯಿತು. 4.15ಕ್ಕೆ ಬಂಧನ.

ಐದೂವರೆಗೆ ಮೆಹಜಬೀನ ಮರಳಿಯ ಗೋದಾಮಿನ ಮುಂದೆ ನಿಂತು, ಕೂಡಿದ ಸಂಘದ ಹೆಂಗಸರಿಗೆ ಎಲ್ಲವನ್ನೂ ಹೇಳಿದಳು. ಕೀಲಿ ಇಟ್ಟುಕೊಂಡಿದ್ದ ಫಕೀರಮ್ಮ ಮುಂದೆ ಬಂದು, ಅದನ್ನು ತಾನೇ ಹುಲಗಮ್ಮನ ಸೆರಗಿಗೆ ಕಟ್ಟಿದಳು.

"ಬಿಗಿಯಾಗಿ ಕಟ್ಟು," ಹುಲಗಮ್ಮ ಅಂದರು. "ಮತ್ತ ಬಿಚ್ಚೋಕ ಬರಬಾರದು." ಎಲ್ಲರೂ ನಕ್ಕರು. ಆಮೇಲೆ ಮೆಹಜಬೀನಳ ಕಡೆ ತಿರುಗಿದರು. "ಯಾರ ಮಗಳವ್ವಾ ನೀ?"

"ಇರಕಲ್ಲಗಡದ ತಾಜಬೀ ಮಗಳ್ರಿ. ನಮ್ಮವ್ವ ಮಿಲ್ಲಿನ್ಯಾಗ ಅಕ್ಕಿ ಹಸನ ಮಾಡ್ತಿದ್ಲು."

"ಹಂಗನ್ನು! ಕಲ್ಲು ಆರಿಸೋ ಕಣ್ಣು," ಹುಲಗಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು. ಮೆಹಜಬೀನ ಟೊಪ್ಪಿಗೆ ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

ಠಾಣೆಯಲ್ಲಿ ಸಿದ್ದೇಶನ ಹೇಳಿಕೆಯನ್ನು ಬರೆದುಕೊಂಡವಳೂ ಅವಳೇ.

"ಕಮಿಷನ್ ಸಲುವಾಗಿ ಮಾಡಿದೇನು?"

"ಅದೂ ಹೌದ್ರಿ. ನಮ್ಮಪ್ಪ ಬರೆದ ಬೋರ್ಡ್ ನೋಡಿ ಮಂದಿ ಅಂಗಡಿ ಹೊಗತಿದ್ರು. ಈಗ ಅವನ ಕೈ ನಡಗತಾವ. ದಿನಾ ಸಂಜಿಕೆ ಕೇಳ್ತಾನ, 'ನಿನ್ನ ಜಾಹೀರಾತು ನೋಡಿ ಇವತ್ತ ಎಷ್ಟು ಮಂದಿ ಬಂದ್ರೋ?' ಯಾರೂ ಬರಲಿಲ್ಲ ಅಂತ ಹೆಂಗ ಹೇಳ್ಲಿ?"

ಮೆಹಜಬೀನ ಆ ಮಾತನ್ನೂ ಒಂದಕ್ಷರ ಬಿಡದೆ ಬರೆದುಕೊಂಡಳು.