ಚುಚ್ಚದ ಕಿವಿ

ಪಾತಣ್ಣನ ಕೂಲ್‌ಡ್ರಿಂಕ್ಸ್ ಅಂಗಡಿಯ ಫ್ರಿಜ್ಜು ಬಾಯಿ ತೆರೆದುಕೊಂಡು ನಿಂತಿತ್ತು. ರಾತ್ರಿ ಯಾರೋ ಹಿಂಬದಿಯ ತಗಡು ಮೀಟಿ ಒಳಗೆ ನುಗ್ಗಿದ್ದರು. ಗಲ್ಲಾಪೆಟ್ಟಿಗೆ ಮುಟ್ಟಿರಲಿಲ್ಲ. ಬಾದಾಮಿ ಹಾಲಿನ ಬಾಟಲಿಗಳೂ ಇದ್ದಲ್ಲೇ ಇದ್ದವು. ಕೆಳಗಿದ್ದ ಸ್ಟೀಲ್ ಡಬ್ಬಿ ಮಾತ್ರ ಖಾಲಿ.

ಡಬ್ಬಿ ಶಾಂತಕುಮಾರಿಯದು. ಹೆಸರಿಗಷ್ಟೇ ಶಾಂತ, ಅವಳ ಬಾಯಿಗೆ ಕೊಂಡ್ಲಹಳ್ಳಿಯ ಬಸ್ ಕಂಡಕ್ಟರುಗಳೂ ಹೆದರುತ್ತಿದ್ದರು. ಅವಳ ಮಗ ಮಾರುತೇಶನಿಗೆ ಹುಟ್ಟಿನಿಂದ ಬಂದ ಕಾಯಿಲೆ. ರಕ್ತ ಒಸರಲು ಶುರುವಾದರೆ ತಾನಾಗಿ ನಿಲ್ಲದು. ಅದನ್ನು ನಿಲ್ಲಿಸುವ ಔಷಧ ಬೆಂಗಳೂರಿನಿಂದ ಬರಬೇಕು, ತಣ್ಣಗೆ ಇಡಬೇಕು. ಆ ಕಾಲಕ್ಕೆ ಅವಳು ಕೇಳಬಹುದಾದ ಫ್ರಿಜ್ಜು ಪಾತಣ್ಣನದೊಂದೇ. ಡಬ್ಬಿಯಲ್ಲಿದ್ದದ್ದು ಎರಡು ಸೀಸೆ.

ಬೆಳಿಗ್ಗೆ ಏಳುವಾಗಲೇ ಮಾರುತೇಶನ ಮಂಡಿ ಬೇಲದ ಹಣ್ಣಿನಷ್ಟು ಊದಿತ್ತು. ಒಳಗೇ ರಕ್ತ ತುಂಬುತ್ತಿದೆ, ಸಂಜೆಯೊಳಗೆ ಔಷಧ ಕೊಡದಿದ್ದರೆ ಕಾಲು ಮಡಚಿದಂತೆಯೇ ಉಳಿದುಬಿಡಬಹುದು ಎಂದಿದ್ದರು ಊರಿನ ಆಸ್ಪತ್ರೆಯ ನರ್ಸಮ್ಮ. ಗಂಡ ಕುರಿಮಂದೆಯ ಜೊತೆ ಆಂಧ್ರದ ಕಡೆ ಹೋಗಿದ್ದ. ಔಷಧ ತರಲು ಓಡಿ ಬಂದವಳಿಗೆ ಸಿಕ್ಕಿದ್ದು ಖಾಲಿ ಡಬ್ಬಿ.

ಹೆಡ್ ಕಾನ್‌ಸ್ಟೇಬಲ್ ಕ್ಯಾತಣ್ಣ ಬಂದ. ಒಳಗೆ ಕಾಲಿಡುವ ಮೊದಲೇ ಕಳ್ಳನನ್ನು ಹಿಡಿದುಬಿಟ್ಟಿದ್ದ, ಬಾಯಲ್ಲಿ. ಅಂಗಡಿಯ ಆಳು ಹುಲಿಯಪ್ಪ ಕುಡುಕ, ನಿನ್ನೆ ಸಂಜೆಯಿಂದ ನಾಪತ್ತೆ, ಮತ್ತಿನ್ನೇನು ಬೇಕು ಎಂದ.

"ಕುಡಿಯಾಕೆ ಕದಿಯೋನು ಗಲ್ಲಾ ಬಿಟ್ಟು ಹೋಗ್ತಾನಾ, ಕ್ಯಾತಣ್ಣ?" ಎಂದಳು ಶಾಂತಕುಮಾರಿ.

ಕ್ಯಾತಣ್ಣ ಮೀಸೆ ತಿರುವಿಕೊಂಡು ಹುಲಿಯಪ್ಪನನ್ನು ಹುಡುಕಲು ಹೊರಟ. ಅವಳು ಅಲ್ಲೇ ಉಳಿದಳು. ಐಸ್ ಟ್ರೇ ಬರಿದಾಗಿತ್ತು. ಮೀಟಿದ ತಗಡಿನ ಅಂಚಿನಲ್ಲಿ ಒಣಗಿದ ರಕ್ತವಿತ್ತು. ಫ್ರಿಜ್ಜಿನ ಮೇಲೆ ಅವಳ ಬಿಸ್ಕತ್ ಡಬ್ಬ, ಅದರಲ್ಲಿ ಸೂಜಿಗಳು. ಮಾರುತೇಶನಿಗೆ ಈಗ ಹಾಕುವ ದಪ್ಪ ಸೂಜಿಗಳು ಹಾಗೇ ಇದ್ದವು. ಅವನು ಚಿಕ್ಕವನಿದ್ದಾಗಿನ ಸಣ್ಣ ಸೂಜಿಗಳು ಉಳಿದಿದ್ದವಲ್ಲ, ಅವು ಹೋಗಿದ್ದವು.

ಅವಳು ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯ ಕಡೆ ನಡೆದಳು. ಒಂದು ಬೈಗುಳವೂ ಇಲ್ಲದೆ ಹೋದದ್ದನ್ನು ನೋಡಿ ಪಾತಣ್ಣನಿಗೆ ಭಯವಾಯಿತು.

*

ಮನೆಯಲ್ಲಿ ಮಾರುತೇಶ ಹಲ್ಲು ಕಚ್ಚಿಕೊಂಡು ಮಲಗಿದ್ದ. ಮಂಡಿಗೆ ಒದ್ದೆ ಬಟ್ಟೆ ಸುತ್ತುತ್ತಾ ಅವಳು ಅವನ ಕಿವಿ ನೋಡಿದಳು. ಹಾಲೆಯಲ್ಲಿ ಹುಣಸೆ ಬೀಜದಂಥ ಗಂಟು. ವರ್ಷದ ಮಗುವಿದ್ದಾಗ ಆಚಾರಿ ಕಿವಿ ಚುಚ್ಚಿದ ಗುರುತು ಅದು. ಅಂದು ಶುರುವಾದ ರಕ್ತ ದಿನಗಟ್ಟಲೆ ನಿಂತಿರಲಿಲ್ಲ. ಹಟ್ಟಿಯ ಯಜಮಾನ ದೊಡ್ಡೀರಪ್ಪ ಅರಳಿಕಟ್ಟೆಯ ಮೇಲೆ ಕೂತು, ಇದು ದೇವರ ಮುನಿಸು, ಈ ಮನೆಯವರನ್ನು ಶುಭಕಾರ್ಯಕ್ಕೆ ಕರೆಯಬೇಡಿ ಎಂದಿದ್ದ. ಅವನು ಬೇರೆ ಯಾರೂ ಅಲ್ಲ, ಅವಳ ಅವ್ವನ ಒಡಹುಟ್ಟಿದ ಅಕ್ಕನ ಗಂಡ.

ಆ ಮಾತು ಇವತ್ತಿಗೂ ಅವಳ ಎದೆಯಲ್ಲಿ ಉರಿಯುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. ಮಕ್ಕಳಿಗೆ ಮೂರು ವರ್ಷದೊಳಗೆ ಜಾವಳ ತೆಗೆಸಿ ಕಿವಿ ಚುಚ್ಚಿಸದಿದ್ದರೆ ದೊಡ್ಡೀರಪ್ಪ ದಂಡ ಹಾಕುತ್ತಿದ್ದ. ಅವನ ಮಗಳು ವನಜಾಕ್ಷಿಯ ಮಗ ಬಾಲುವಿಗೆ ನಾಲ್ಕು ತುಂಬಿತ್ತು. ಹರಕೆ ಇದೆ ಎಂದು ಇನ್ನೂ ಜಡೆ ಹಾಕುತ್ತಿದ್ದರು. ಕಿವಿಯೂ ಬೋಳು.

ಅವಳು ಎದ್ದಳು.

*

ಬಸ್ ಸ್ಟ್ಯಾಂಡಿನ ಅರಳಿಕಟ್ಟೆಯ ಮುಂದೆ ಹುಲಿಯಪ್ಪನ ಕೈಗಳನ್ನು ಹಗ್ಗದಿಂದ ಕಟ್ಟಿದ್ದರು. ಪಕ್ಕದಲ್ಲಿ ಸೋಡಾ ಬಾಟಲಿಗಳ ಗೋಣಿಚೀಲ. ನಿನ್ನೆ ಚಳ್ಳಕೆರೆಗೆ ಹೋಗಿ ಅಕ್ಕನ ಮನೆಯಲ್ಲಿ ಮಲಗಿ, ಇವನ್ನು ತಂದೆ ಎಂದು ಅವನು ಅಳುತ್ತಿದ್ದ. ಪಾತಣ್ಣ ಹಣೆ ಚಚ್ಚಿಕೊಂಡು, ಕಳಿಸಿದ್ದು ತಾನೇ, ಮರೆತೇಹೋಗಿತ್ತು ಎಂದ. ಆದರೂ ಕಟ್ಟೆಯ ಮೇಲಿದ್ದ ದೊಡ್ಡೀರಪ್ಪ ಕಟ್ಟು ಬಿಚ್ಚಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅವನ ನ್ಯಾಯ.

ಹೆಂಗಸರು ಆ ಕಟ್ಟೆ ಹತ್ತುವಂತಿಲ್ಲ. ಶಾಂತಕುಮಾರಿ ಹತ್ತಿದಳು. ಯಾರೋ ಗದರಿಸಿದರು. ಅವಳು ತಿರುಗಿಯೂ ನೋಡಲಿಲ್ಲ.

ಕಳ್ಳ ಹಣ ಮುಟ್ಟಿಲ್ಲ, ಐಸು ಒಯ್ದಿದ್ದಾನೆ, ಅಂದರೆ ಈ ಔಷಧವನ್ನು ತಣ್ಣಗೆ ಇಡಬೇಕೆಂದು ಬಲ್ಲವನು ಎಂದಳು. ದಪ್ಪ ಸೂಜಿ ಬಿಟ್ಟು ಸಣ್ಣದನ್ನು ಆರಿಸಿದ್ದಾನೆ, ಅಂದರೆ ಅವನ ಮನೆಯಲ್ಲಿ ಚಿಕ್ಕ ಮಗುವಿಗೆ ನನ್ನ ಮಗನ ಕಾಯಿಲೆಯೇ ಇದೆ ಎಂದಳು. ಆ ಕಾಯಿಲೆ ತಾಯಂದಿರ ಕಡೆಯಿಂದ ಇಳಿಯುತ್ತದೆಂದು ಬೆಂಗಳೂರಿನ ಡಾಕ್ಟರೇ ಹೇಳಿದ್ದಾರೆ ಎಂದಳು.

"ಇನ್ನೊಂದು. ತಗಡು ಮೀಟುವಾಗ ಕಳ್ಳನ ಕೈ ಕುಯ್ದೈತೆ."

ದೊಡ್ಡೀರಪ್ಪನ ಬಲಗೈ ಟವೆಲಿನೊಳಗೆ ಸರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕ್ಯಾತಣ್ಣನಿಗೂ ಅದು ಕಂಡಿತು, ಟವೆಲು ಎಳೆದ. ಅಂಗೈಗೆ ಅಡ್ಡಲಾಗಿ ಉದ್ದನೆಯ ಗೀರು ಒಣಗಿ ಕಪ್ಪಾಗಿತ್ತು.

"ನಿನ್ನ ರಕ್ತ ಆಗ್ಲೇ ನಿಂತೈತೆ, ದೊಡ್ಡಪ್ಪ," ಎಂದಳು ಶಾಂತಕುಮಾರಿ. "ನನ್ನ ಮಗಂದು ನಿಂತಿಲ್ಲ."

ಮುದುಕ ದನಿ ತಗ್ಗಿಸಿದ. ಕಿರಿ ಮಗಳ ಮದುವೆ ಗೊತ್ತಾಗಿದೆ, ಜನರ ಮುಂದೆ ಬಾಲುವಿನ ಹೆಸರು ಎತ್ತಬೇಡ ಎಂದು ಬೇಡಿಕೊಂಡ.

"ನನ್ನ ಮಗನ ಹೆಸರು ಇದೇ ಕಟ್ಟೆ ಮೇಲೆ ಎತ್ತಿದ್ದು ಯಾರು?"

ಅಷ್ಟರಲ್ಲಿ ರಾಯದುರ್ಗದ ಬಸ್ಸು ಬಂದು ನಿಂತಿತು. ವನಜಾಕ್ಷಿ ಇಳಿದಳು. ಸೊಂಟದಲ್ಲಿ ಬಾಲು, ಕೈಯಲ್ಲಿ ಫ್ಲಾಸ್ಕು. ಕಟ್ಟೆಯ ಮೇಲೆ ಶಾಂತಕುಮಾರಿಯನ್ನು ಕಂಡದ್ದೇ ಅವಳಿಗೆ ಎಲ್ಲವೂ ಅರ್ಥವಾಯಿತು. ಅಪ್ಪ ತಲೆಯಾಡಿಸಿ ಬೇಡ ಎಂದ. ಅವಳು ನೇರ ಬಂದು ಫ್ಲಾಸ್ಕನ್ನು ಶಾಂತಕುಮಾರಿಯ ಕೈಗೆ ಕೊಟ್ಟಳು.

"ನನ್ನ ಮಗನಿಗೂ ಅದೇ ಕಾಯಿಲೆ," ಎಂದಳು, ಎಲ್ಲರಿಗೂ ಕೇಳುವಂತೆ. "ನಾಲಗೆ ಕಚ್ಚಿಕೊಂಡು ನಿನ್ನೆಯಿಂದ ರಕ್ತ. ರಾಯದುರ್ಗದ ಡಾಕ್ಟರು ಒಂದು ಸೀಸೆ ಹಾಕಿದ್ರು. ಇನ್ನೊಂದು ಇದ್ರಾಗೈತೆ. ನಾನೇ ಬಂದು ಕೇಳಬೇಕಿತ್ತು, ಅಕ್ಕ. ಅಪ್ಪ ಬಿಡ್ಲಿಲ್ಲ."

ಕೇಸು ಬರೆಯಲೇ ಎಂದು ಕ್ಯಾತಣ್ಣ ಕೇಳಿದ. ಅದು ನಿನ್ನ ಕೆಲಸ, ಬರಿ ಎಂದಳು ಶಾಂತಕುಮಾರಿ. ಆಮೇಲೆ ದೊಡ್ಡೀರಪ್ಪನ ಕಡೆ ತಿರುಗಿದಳು. "ಮೊದ್ಲು ಹುಲಿಯಪ್ಪನ ಕಟ್ಟು ನಿನ್ನ ಕೈಯಾರೆ ಬಿಚ್ಚು. ಇದು ದೇವರ ಮುನಿಸಲ್ಲ ಅಂತ ಇಲ್ಲೇ ಹೇಳು."

ದೊಡ್ಡೀರಪ್ಪ ಕಟ್ಟೆಯಿಂದ ಇಳಿದ. ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮಾತು ಹೊರಡಲು ಇನ್ನೂ ಹೊತ್ತು ಹಿಡಿಯಿತು. ಆದರೆ ಹೇಳಿದ.

*

ಹೊತ್ತು ಇಳಿಯುವ ಮೊದಲೇ ಊರಿನ ಆಸ್ಪತ್ರೆಯಲ್ಲಿ ಔಷಧ ಮಾರುತೇಶನ ನರಕ್ಕೆ ಇಳಿಯಿತು. ಒಂದು ಸೀಸೆ ಸಾಲದು, ಆದರೂ ಕಾಲು ಉಳಿಯುತ್ತದೆ, ಉಳಿದದ್ದನ್ನು ಬೆಂಗಳೂರಿನಿಂದ ತರಿಸೋಣ ಎಂದರು ನರ್ಸಮ್ಮ. ಪಕ್ಕದ ಬೆಂಚಿನ ಮೇಲೆ ಬಾಲು ಮಾರುತೇಶನ ಗಂಟುಕಿವಿಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ವನಜಾಕ್ಷಿಗೆ ಇನ್ನೂ ದಿಗಿಲು. ನಾಳೆಯಿಂದ ಹಟ್ಟಿಯವರು ಬಾಯಿ ಮುಚ್ಚಿಕೊಂಡಿರುತ್ತಾರೆಯೇ, ಜಾವಳ ಯಾವಾಗ, ಕಿವಿ ಯಾವಾಗ ಎಂದು ಎಲ್ಲರೂ ಕೇಳುತ್ತಾರಲ್ಲ ಎಂದಳು.

"ಚುಚ್ಚಿಸ್ಬೇಡ," ಎಂದಳು ಶಾಂತಕುಮಾರಿ. "ಯಾಕೆ ಅಂತ ಯಾರಾದ್ರೂ ಕೇಳಿದ್ರೆ, ನನ್ನ ಮನೆ ತೋರ್ಸು."