ಬಾವಿಗೆ ಬಿದ್ದ ಹಲಗೆ

"ಈ ಸಾಲು ಬರೆದವರು ಯಾರು?"

ಆ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಕಚೇರಿಯ ಮೇಜುಗಳಲ್ಲಿ ಕುಳಿತಿದ್ದವರೆಲ್ಲ ಹೆಡ್‌ಫೋನ್ ಕೆಳಗಿಳಿಸಿ ತಿರುಗಿ ನೋಡಿದರು.

ಅವಳೂ ತಿರುಗಿದಳು. ಎದುರಿಗೆ ಒಬ್ಬ ತರುಣ. ಮೊಣಕೈವರೆಗೆ ಮಡಚಿದ ತೋಳು, ಕೆದರಿದ ಕೂದಲು, ಅಂಗೈ ಮೇಲೆ ತೆರೆದ ಲ್ಯಾಪ್‌ಟಾಪ್. ಪರದೆಯ ಮೇಲಿದ್ದ ಮಾತು ಅವಳದೇ: 'ಈಗ ಪುರುಸೊತ್ತಿಲ್ಲ ಅಜ್ಜಾ, ದಾರಿ ಬಿಡು.'

"ನಾನೇ. ಏನೀಗ?"

"ಏನೀಗ ಅಂದ್ರೆ? ನನ್ನ ಆಟ ಶುರುವಾಗೋ ಮುಂಚೇನೇ ಜನರನ್ನ ಓಡಿಸ್ತಿದ್ದೀರಲ್ರೀ! ಅಜ್ಜನಿಗೆ ಕೊಡೋ ಉತ್ತರಗಳಲ್ಲಿ 'ಆಡ್ತೀನಿ' ಅನ್ನೋದು ಕೆಳಗೆ, 'ದಾರಿ ಬಿಡು' ಅನ್ನೋದು ಮೇಲೆ!"

"ಅದು ಐಚ್ಛಿಕ ಆಟ ತಾನೆ? ಬೇಕಾದೋರು ಆಡ್ತಾರೆ. ಅತ್ತ ರಾಜ್ಯಕ್ಕೇ ಬೆಂಕಿ ಬಿದ್ದಿದೆ, ಇತ್ತ ನಮ್ಮ ನಾಯಕಿ ಛತ್ರದಲ್ಲಿ ಕೂತು ದೋಣಿ ತಳ್ತಾ ಇರ್ಬೇಕಾ?"

ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು.

"ಒಂದ್ಸಲ ಆದ್ರೂ ಆಡಿದ್ದೀರಾ ಅದನ್ನ?"

"ಓ... ಎಷ್ಟೋ ಸಲ!"

ಸುಳ್ಳು! ಶುದ್ಧ ಸುಳ್ಳು! ಅವಳು ಒಮ್ಮೆಯೂ ಆ ಹಲಗೆಯ ಮುಂದೆ ಕುಳಿತವಳಲ್ಲ. ಅವನು ಅವಳ ಕಣ್ಣನ್ನೇ ಒಂದು ಕ್ಷಣ ದಿಟ್ಟಿಸಿ, ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದ.

ಅವರದು ವಿಡಿಯೋ ಗೇಮ್ ತಯಾರಿಸುವ ಕಂಪನಿ. ಕಾಡು, ಕೋಟೆ, ಡ್ರ್ಯಾಗನ್‌ಗಳಿಂದ ತುಂಬಿದ ಒಂದು ವಿಶಾಲ ಮಾಯಾಲೋಕ ಅಲ್ಲಿ ಸಿದ್ಧವಾಗುತ್ತಿತ್ತು. ಆಟಗಾರರು ಮನಬಂದಲ್ಲಿ ಅಲೆಯಬಹುದು; ದಾರಿಯಲ್ಲಿ ಸಿಗುವ ಪಾತ್ರಗಳು ಏನಾದರೊಂದು ಕೆಲಸ ಒಪ್ಪಿಸುತ್ತವೆ. ಆ ಕೆಲಸಗಳಿಗೆ ಕ್ವೆಸ್ಟ್ ಎಂದು ಹೆಸರು. ಅವನ್ನು ಬರೆಯುವವಳು ಅವಳು. ಎಲ್ಲರ ಬಾಯಲ್ಲೂ ಅವಳು 'ಕಥೆಗಾರ್ತಿ'.

ಅವನು ಆ ಲೋಕದೊಳಗಿನ ಪುಟ್ಟ ಆಟವೊಂದನ್ನು ರೂಪಿಸುತ್ತಿದ್ದ. ಪ್ರತಿ ಛತ್ರದಲ್ಲೂ ಒಬ್ಬ ಮುದುಕ ಹಲಗೆಯೊಂದನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾನೆ. ಬಂದವರನ್ನೆಲ್ಲ "ಒಂದಾಟ ಆಡ್ತೀರಾ?" ಎಂದು ಕರೆಯುತ್ತಾನೆ. ಪುಟ್ಟ ದೋಣಿಗಳನ್ನು ದಡದಿಂದ ದಡಕ್ಕೆ ಸಾಗಿಸುವ ಆ ಆಟದ ಹೆಸರು ಹೊಳೆದಾಟು. ಅದನ್ನು ರೂಪಿಸುತ್ತಿದ್ದ ತರುಣನಿಗೆ ಕಚೇರಿ ಇಟ್ಟ ಹೆಸರು 'ದೋಣಿ ಸಾಹೇಬ'.

'ಎಲ್ಲರೆದುರು ನನ್ನನ್ನು ಪ್ರಶ್ನಿಸುವಷ್ಟು ಪೊಗರೇ ಇವನಿಗೆ!'

ಅದೇ ಮಧ್ಯಾಹ್ನ, ಹಳ್ಳಿಯೊಂದರಲ್ಲಿ ಖಾಲಿ ಉಳಿದಿದ್ದ ಜಾಗಕ್ಕೆ ಅವಳೊಂದು ತಾತ್ಕಾಲಿಕ ಕ್ವೆಸ್ಟ್ ಬರೆದಳು. ಊರ ಯಜಮಾನ ಹೇಳುತ್ತಾನೆ: 'ಛತ್ರದ ಮುದುಕ ಕಂಡಕಂಡವರನ್ನೆಲ್ಲ ಆಟಕ್ಕೆ ಕರೆದು ಪ್ರಾಣ ಹಿಂಡುತ್ತಾನೆ. ಅವನ ಹಲಗೆ ಕದ್ದು ಬಾವಿಗೆ ಎಸೆ. ಊರಿನ ಪೀಡೆ ತೊಲಗಲಿ!' ಹಲಗೆ ಬಾವಿಗೆ ಬಿದ್ದೊಡನೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಅಷ್ಟೇ ಕಥೆ.

ಪಕ್ಕದ ಮೇಜಿನವಳು ಓದಿ ಬಿದ್ದು ಬಿದ್ದು ನಕ್ಕಳು. ಕಥೆಗಾರ್ತಿಯ ಎದೆ ತಣ್ಣಗಾಯಿತು.

* * *

ಆದರೆ ಕಚೇರಿಯ ಮುಖ್ಯಸ್ಥೆ ಆ ಜಗಳವನ್ನು ಅಲ್ಲಿಗೇ ಬಿಡಲಿಲ್ಲ.

"ಇಬ್ರೂ ಒಂದೇ ಮೇಜಲ್ಲಿ ಕೂತು ಆ ಅಜ್ಜನ ಮಾತು ಬರೀರಿ. ಕಚ್ಚಾಡೋದಿದ್ರೆ ಬಾಗಿಲು ಹಾಕ್ಕೊಂಡು ಕಚ್ಚಾಡಿ."

ಮೊದಲ ದಿನ ಇಬ್ಬರೂ ಪರದೆಯೊಂದಿಗೆ ಮಾತ್ರ ಮಾತಾಡಿದರು. ಎರಡನೆಯ ದಿನ ಅವಳೇ ಕೇಳಬೇಕಾಯಿತು.

"ಈ ಅಜ್ಜ ಸೋತಾಗ ಏನಂತಾನೆ? ಸಿಟ್ಟು ಮಾಡ್ಕೊಳ್ತಾನಾ?"

"ಇಲ್ಲ. ಸೋತ್ರೆ ಖುಷಿ ಅವನಿಗೆ."

"ಸೋತ್ರೆ ಖುಷೀನಾ?"

"ಗೆದ್ದೋರು ಇನ್ನೊಂದಾಟ ಕೂರ್ತಾರಲ್ಲ... ಅದಕ್ಕೆ."

ಅವಳ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. 'ಇಂಥ ಮಾತು ನನಗೇಕೆ ಹೊಳೆಯಲಿಲ್ಲ?'

ಅಂದಿನಿಂದ ಅವರ ಮೇಜಿನಿಂದ ನಗು ಕೇಳತೊಡಗಿತು. ಅವಳು ಚಹಾ ಮರೆತರೆ ಅವನು ತಂದಿಡುತ್ತಿದ್ದ. ಅವನು ಊಟ ಮರೆತರೆ ಅವಳು ಗದರುತ್ತಿದ್ದಳು. ಅವನು ಬರುವುದು ಸ್ವಲ್ಪ ತಡವಾದರೂ ಅವಳ ಕಣ್ಣು ಬಾಗಿಲ ಕಡೆಗೆ ಹೋಗುತ್ತಿತ್ತು.

"ದೋಣಿ ಸಾಹೇಬ್ರೇ, ಈ ಅಜ್ಜನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ?"

"ಮನೆಯವರ ದಿನ ಹೇಳ್ತೀನಿ ಕಥೆಗಾರ್ತಿಯವರೇ. ಅವತ್ತು ನಿಮ್ಮ ಹತ್ರ ಇನ್ನೂ ಒಂದು ಮಾತು ಹೇಳೋದಿದೆ..."

ಅವನು ಮುಖ ತಿರುಗಿಸಿಕೊಂಡ. ಅವಳು ಒಂದೇ ಸಾಲನ್ನು ಎರಡು ಸಲ ಟೈಪಿಸಿದಳು.

ಆದರೆ ಆ ಕ್ವೆಸ್ಟ್? ಅದು ಅಲ್ಲೇ ಇತ್ತು. ಹಳ್ಳಿಯೊಳಗೆ ಒಮ್ಮೆ ಸೇರಿಸಿದ್ದನ್ನು ಅಳಿಸಬೇಕಾದರೆ ಮುಖ್ಯಸ್ಥೆಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಮೊದಲು ಅವರು ಅದನ್ನು ಓದುತ್ತಾರೆ. 'ಇಷ್ಟು ಸಣ್ಣ ಬುದ್ಧಿಯವಳೇ ನೀನು?' ಎಂದು ಅವರು ಕೇಳಿದರೆ? ಆ ನಾಚಿಕೆಗೆ ಅಂಜಿ ಅವಳು ಪ್ರತಿದಿನವೂ 'ನಾಳೆ' ಎಂದುಕೊಂಡಳು...

* * *

ಮನೆಯವರ ದಿನ ಬಂತು. ಕಚೇರಿಯವರ ಅಪ್ಪ, ಅಮ್ಮ, ಅಕ್ಕ, ತಮ್ಮಂದಿರೆಲ್ಲ ಬಂದು ಗೇಮ್ ಆಡಿ ನೋಡುವ ದಿನ.

"ಕಥೆಗಾರ್ತಿಯವರೇ, ಇವರು ನಮ್ಮಪ್ಪ. ದರ್ಜಿ."

ಅವಳು ನಗುತ್ತ ತಿರುಗಿದಳು. ನಗು ಅರ್ಧದಲ್ಲೇ ಉಳಿಯಿತು.

ಅದೇ ಬಾಗಿದ ಮೂಗು. ಅದೇ ಪೊದೆ ಹುಬ್ಬು. ಕೊರಳಲ್ಲಿ ತೆಗೆಯಲು ಮರೆತ ಅಳತೆಯ ಟೇಪು. ಛತ್ರದ ಅಜ್ಜನೇ ಎದ್ದು ಬಂದು ಎದುರಿಗೆ ನಿಂತಿದ್ದ!

"ಮುಖ, ದನಿ ಎರಡೂ ಇವರದ್ದೇ. ಆಟಾನೂ ಇವರದ್ದೇ. ಬಟ್ಟೆ ಕೊಡೋಕೆ ಬಂದೋರನ್ನೆಲ್ಲ ಕೂರಿಸ್ಕೊಂಡು ಆಡಿಸ್ತಾರೆ. ನಾನು ಕಂಪ್ಯೂಟರಿಗೆ ಇಳಿಸಿದ್ದಷ್ಟೇ." ಮಗನ ಕಣ್ಣು ಹೊಳೆಯುತ್ತಿತ್ತು.

ಅವಳು ಥಟ್ಟನೆ ಪರದೆಯ ಕಡೆ ತಿರುಗಿದಳು. 'ಆ ಕ್ವೆಸ್ಟ್! ಅಯ್ಯೋ, ಆ ಕ್ವೆಸ್ಟ್!'

ಅಷ್ಟರಲ್ಲಿ ದರ್ಜಿ ಪರದೆಯ ಮುಂದೆ ಕುಳಿತಾಗಿತ್ತು. ಅವರು ನಡೆಸುತ್ತಿದ್ದ ನಾಯಕಿ ನೇರವಾಗಿ ಆ ಹಳ್ಳಿಯ ಕಡೆಗೇ ಹೆಜ್ಜೆ ಹಾಕಿದಳು.

"ಅಂಕಲ್, ಆ ಕಡೆ ಹೋಗಿ... ಅಲ್ಲಿ ಡ್ರ್ಯಾಗನ್ ಇದೆ, ತುಂಬ ಚೆನ್ನಾಗಿದೆ!"

"ಇರಮ್ಮಾ, ಈ ಯಜಮಾನ್ರು ಏನೋ ಕೆಲಸ ಹೇಳ್ತಿದ್ದಾರೆ. ಪಾಪ, ಮಾಡ್ಕೊಟ್ಟು ಹೋಗೋಣ."

ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಪದ ಗಟ್ಟಿಯಾಗಿ ಓದಿದರು. "ಛತ್ರದ ಮುದುಕ... ಪ್ರಾಣ ಹಿಂಡುತ್ತಾನೆ... ಅವನ ಹಲಗೆ ಕದ್ದು... ಬಾವಿಗೆ..."

ಸುತ್ತ ನಿಂತಿದ್ದವರು ಪರದೆಯನ್ನೊಮ್ಮೆ, ದರ್ಜಿಯ ಮುಖವನ್ನೊಮ್ಮೆ ನೋಡಿದರು.

ಓದಿ ಮುಗಿಸಿ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, ಒಪ್ಪಿಕೊಂಡ ಕೆಲಸವನ್ನು ಎಂದೂ ಬಿಟ್ಟವರಲ್ಲದ ಆ ಮನುಷ್ಯ, ಛತ್ರಕ್ಕೆ ಹೋಗಿ ತಮ್ಮದೇ ಮುಖದ ಮುದುಕನ ಮುಂದಿನಿಂದ ಹಲಗೆ ಎತ್ತಿಕೊಂಡು ಬಂದು ಬಾವಿಗೆ ಎಸೆದರು.

ಊರೆಲ್ಲ ಚಪ್ಪಾಳೆ ತಟ್ಟಿತು.

"ಈ ಸಾಲು ಬರೆದವರು ಯಾರು?"

ಮೊದಲ ಭೇಟಿಯ ಅದೇ ಪ್ರಶ್ನೆ. ಆದರೆ ಈ ಸಲ ಅವನ ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣಗಿತ್ತು.

"...ನಾನೇ."

ಪರದೆಯೊಳಗೆ ದರ್ಜಿ ಇನ್ನೂ ಬಾವಿಯ ಕಟ್ಟೆಯ ಬಳಿಯೇ ನಿಂತಿದ್ದರು. ಕೈಯಲ್ಲಿದ್ದ ಗೇಮ್ ಕಂಟ್ರೋಲರಿನ ಬಟನ್‌ಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಿದ್ದರು.

"ಇದನ್ನ ವಾಪಸ್ ತೆಗೆಯೋಕೆ ಯಾವುದು ಒತ್ಬೇಕು ಮಗಳೇ?"

ಅವಳು ತಲೆ ತಗ್ಗಿಸಿದಳು. "ಇಲ್ಲ ಅಂಕಲ್... ಅದಕ್ಕೆ ಬಟನ್ ಇಲ್ಲ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ.

* * *

ಮರುದಿನ ಅವನು ಮುಖ್ಯಸ್ಥೆಯ ಮುಂದೆ ನಿಂತು ಹೇಳಿದ್ದು ಒಂದೇ ಮಾತು. "ಹೊಳೆದಾಟು ತೆಗೆದುಬಿಡಿ. ಐಚ್ಛಿಕ ತಾನೆ? ಬೇಡದವರಿಗೆ ಬೇಡ."

ಅವಳದೇ ಮಾತು ಅವನ ಬಾಯಲ್ಲಿ ಚೂರಿಯಾಗಿತ್ತು. ಆ ಕ್ವೆಸ್ಟ್ ಅಳಿಸಲು ಈಗ ಒಪ್ಪಿಗೆ ಬೇಡಲು ಹೋದವಳಿಗೆ ಮುಖ್ಯಸ್ಥೆ ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

"ಕ್ವೆಸ್ಟ್ ಅಳಿಸೋದು ದೊಡ್ಡದಲ್ಲಮ್ಮ. ಅವನು ಆಟಾನೇ ಬೇಡ ಅಂತಿದ್ದಾನೆ. ಸೋಮವಾರ ಕೊನೇ ತೀರ್ಮಾನ. ಅಷ್ಟರೊಳಗೆ ಅವನ ಮನಸ್ಸು ತಿರುಗಿದ್ರೆ ಸರಿ."

ಮನೆಯಲ್ಲಿ ಅವಳು ಹೊದಿಕೆ ಮುಸುಕು ಹಾಕಿಕೊಂಡು ಮಲಗಿದಳು. ಜೊತೆಯಲ್ಲಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಮುಸುಕು ಎಳೆದಳು.

"ಹೋಗಿ ಕ್ಷಮೆ ಕೇಳೇ."

"ಮುಖ ತೋರ್ಸೋಕೆ ಆಗಲ್ಲ ಅಕ್ಕಾ..."

"ಬರೀವಾಗ ಇದ್ದ ಮುಖಾನೇ ತಾನೆ? ಅದನ್ನೇ ತೊಳ್ಕೊಂಡು ಹೋಗು. ಮತ್ತೆ ಕೇಳು, ಅಲ್ಲಿ ಹೋಗಿ ಕಥೆ ಹೆಣೀಬೇಡ!"

* * *

ಭಾನುವಾರ ಮಧ್ಯಾಹ್ನ. ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟೇ ಅಗಲದ ಅಂಗಡಿ. ಬಾಗಿಲ ಬಳಿಯ ಬೆಂಚಿನ ಮೇಲೆ ಸವೆದ ಮರದ ಹಲಗೆ. ಅದರ ಮೇಲೆ ದೋಣಿಗಳ ಬದಲು ಅಂಗಿಯ ಗುಂಡಿಗಳು, ಒಂದು ದಡಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು. ಒಳಗಿನ ಯಂತ್ರದಲ್ಲಿ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ ಮಗ ತಲೆಯೆತ್ತಿದ. ಅವಳನ್ನು ಕಂಡು ಯಂತ್ರ ನಿಂತಿತು.

"ಅಂಕಲ್, ನಾನು..."

"ಬಂದ್ಯಾ? ಕೂರು. ಒಂದಾಟ ಆಡ್ತೀಯಾ?" ದರ್ಜಿ ಬೆಂಚಿನ ತುದಿಗೆ ಸರಿದು ಜಾಗ ಮಾಡಿದರು.

"ನಂಗೆ..." ಅವಳ ಮುಖ ಕಾದು ಕೆಂಪಾಯಿತು. "ನಂಗೆ ಈ ಆಟ ಬರಲ್ಲ ಅಂಕಲ್."

ಒಳಗಿನಿಂದ ಒಣದನಿ ಬಂತು. "ಎಷ್ಟೋ ಸಲ ಆಡಿದ್ದೀನಿ ಅಂದಿದ್ರಿ."

"ಸುಳ್ಳು ಹೇಳಿದ್ದೆ."

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದರು ದರ್ಜಿ. "ಬರದೋರಿಗೆ ಕಲಿಸೋದ್ರಲ್ಲೇ ಮಜಾ. ನೋಡು, ನಿನ್ನ ದೋಣಿಗಳು ನನ್ನ ದಡಕ್ಕೆ, ನನ್ನವು ನಿನ್ನ ದಡಕ್ಕೆ. ನಡುವೆ ಈ ಮನೆ ಇದೆಯಲ್ಲ, ಇದು ಸುಳಿ. ಇದರಲ್ಲಿ ಸಿಕ್ಕಿಕೊಂಡ ದೋಣೀನ ಅದರ ಒಡೆಯ ಎತ್ತೋ ಹಾಗಿಲ್ಲ. ಎದುರಿನವನೇ ಹೊರಗೆ ತಳ್ಳಬೇಕು. ತಳ್ಳಿದವನಿಗೆ ಒಂದು ಸರದಿ ಖೋತಾ."

"ಎದುರಿನವರು ಯಾಕೆ ತಳ್ತಾರೆ?"

"ತಳ್ಳದಿದ್ರೆ ಆಟ ಅಲ್ಲೇ ನಿಂತುಹೋಗುತ್ತಲ್ಲಮ್ಮಾ!"

ಅವಳು ಆಡಿದಳು. ತಪ್ಪು ತಪ್ಪಾಗಿ ಆಡಿದಳು.

"ಅಂಕಲ್, ಅವತ್ತು ನಿಮಗೆ ತುಂಬ ನೋವಾಯ್ತಲ್ವಾ?"

"ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ." ಅವರು ಕಪ್ಪು ಗುಂಡಿಯೊಂದನ್ನು ಸರಿಸಿದರು. "ನನ್ನ ಆಟಕ್ಕೆ ಹೆದರಿ ಬೇರೆ ಕಡೆ ಪ್ಯಾಂಟ್ ಹೊಲಿಸ್ಕೊಂಡೋರೂ ಇದ್ದಾರೆ, ನಂಗೇನು ಗೊತ್ತಿಲ್ವಾ? ಆದ್ರೆ ಒಂದು ಮಾತು. ಕಥೆ ಅರ್ಧಕ್ಕೇ ಬಿಟ್ಟಿದ್ದೀಯ. ಹಲಗೆ ಬಾವಿಗೆ ಬಿತ್ತು, ಸರಿ. ಸಾಯಂಕಾಲ ಆ ಮುದುಕ ಏನ್ಮಾಡ್ತಾನೆ? ಅದು ಬರೆದೇ ಇಲ್ವಲ್ಲ!"

ಅವಳ ಕಣ್ಣೀರು ಹಲಗೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಅವಳ ಬಿಳಿ ಗುಂಡಿಯೂ ಸುಳಿಯಲ್ಲಿ ಸಿಕ್ಕಿಕೊಂಡಿತು.

ಅಳತೆ ಕೊಡಲು ಯಾರೋ ಗಿರಾಕಿ ಬಂದರು. ದರ್ಜಿ ಎದ್ದರು. "ಬಾರೋ, ನನ್ನ ಕೈ ನೀನಾಡು. ಗೆಲ್ಲೋ ಆಟ ಕೆಡಿಸ್ಬೇಡ ಮತ್ತೆ!"

ಅವನು ಬಂದು ಕುಳಿತ. ಇಬ್ಬರ ನಡುವೆ ಹಲಗೆ, ನಡುವೆ ಸಿಕ್ಕಿಬಿದ್ದ ಒಂದು ಬಿಳಿ ಗುಂಡಿ.

"ಬರೆದದ್ದಕ್ಕಿಂತ ಹೆಚ್ಚು ನಾಚಿಕೆ ಇನ್ನೊಂದಕ್ಕೆ," ಅವಳು ತಲೆ ಎತ್ತದೆ ಹೇಳಿದಳು. "ನಿಮ್ಮ ಜೊತೆ ನಗ್ತಾ ಕೂತಿದ್ದಾಗಲೂ ಅದು ಅಲ್ಲೇ ಇತ್ತು. ತೆಗೆಯೋಕೆ ಹೋದ್ರೆ ನನ್ನನ್ನ ಸಣ್ಣವಳು ಅಂದ್ಕೊಳ್ತಾರೆ ಅಂತ ಸುಮ್ಮನಿದ್ದೆ. ನನ್ನ ಮರ್ಯಾದೆ ಉಳಿಸ್ಕೊಳ್ಳೋಕೆ ನಿಮ್ಮ ಅಪ್ಪನ್ನ ಆ ಬಾವಿ ಹತ್ರ ನಿಲ್ಲಿಸ್ದೆ."

ಅವನು ಹಲಗೆಯ ಸವೆದ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಸ್ಕೂಲಲ್ಲಿದ್ದಾಗ ನಾನೂ ಇದೇ ಹಲಗೆ ಕದ್ದಿದ್ದೆ."

"ಏನು?"

"ಸ್ನೇಹಿತರು ಅಂಗಡಿಗೆ ಬಂದ್ರೆ ಅಪ್ಪ ಎಲ್ಲರನ್ನೂ ಆಟಕ್ಕೆ ಕರೀತಿದ್ರು. ಅವರು ಆಮೇಲೆ ಅಣಕಿಸ್ತಿದ್ರು. ನಾಚಿಕೆಯಾಗಿ, ಚೂರು ಬಟ್ಟೆ ಮೂಟೆಯೊಳಗೆ ಬಚ್ಚಿಟ್ಟೆ. ಅಪ್ಪ ಹುಡುಕ್ತಿದ್ರೆ ನಾನೂ ಜೊತೆಗೆ ಹುಡುಕೋ ನಾಟಕ ಆಡ್ದೆ. ಕೊನೆಗೆ 'ಸಿಕ್ತು' ಅಂತ ನಾನೇ ತೆಗೆದುಕೊಟ್ಟೆ." ಅವನು ಒಳಗಿದ್ದ ಅಪ್ಪನ ಕಡೆ ನೋಡಿದ. "ಅವತ್ತು ಆ ಊರಿನವರು ಚಪ್ಪಾಳೆ ತಟ್ಟಿದಾಗ... ಅವರ ಜೊತೆ ನಾನೂ ನಿಂತಿದ್ದ ಹಾಗಿತ್ತು. ಅದನ್ನ ನೋಡೋಕಾಗ್ದೆ ಆಟಾನೇ ಬೇಡ ಅಂದೆ. ಸಿಟ್ಟನ್ನ ಮಾತ್ರ ನಿಮ್ಮ ತಲೆಗೆ ಕಟ್ಟಿದೆ."

"ಮೂಟೆಯೊಳಗಿದ್ದದ್ದು ನಂಗೆ ಗೊತ್ತಿತ್ತು ಕಣೋ!" ಒಳಗಿನಿಂದ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ದರ್ಜಿ ಕೂಗಿದರು. "ನೀನೇ ತೆಗೆದುಕೊಡ್ತೀಯ ಅಂತ ಕಾಯ್ತಾ ಇದ್ದೆ. ಕೊಟ್ಟೆಯಲ್ಲ!"

ಮಗ ಅಂಗೈಯಿಂದ ಮುಖ ಮುಚ್ಚಿಕೊಂಡ. ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಆ ಬಾವಿಗೆ ಹಗ್ಗ ಇಳಿಸೋ ಬಟನ್ ಬೇಕು," ಎಂದಳು ಕಣ್ಣೊರೆಸಿಕೊಂಡು. "ಹಲಗೆ ಮೇಲೆ ತಂದು, ಒರೆಸಿ, ಆ ಅಜ್ಜನ ಎದುರಿಗೆ ಕೂತು ಒಂದಾಟ ಆಡೋವರೆಗೆ ಕ್ವೆಸ್ಟ್ ಮುಗಿಯಬಾರದು. ಮಾತು ನಾನು ಬರೀತೀನಿ. ನಾಳೆ ನೀವು... ಆಟ ಇರ್ಲಿ ಅಂತೀರಾ?"

ಅವನು ಬೆರಳು ಚಾಚಿ, ಸುಳಿಯಲ್ಲಿ ಸಿಕ್ಕಿದ್ದ ಅವಳ ಬಿಳಿ ಗುಂಡಿಯನ್ನು ಮೆಲ್ಲಗೆ ಹೊರಗೆ ತಳ್ಳಿದ.

"ನಿಮ್ಮ ಸರದಿ ಹೋಯ್ತು ದೋಣಿ ಸಾಹೇಬ್ರೇ..."

"ಹೋಗ್ಲಿ ಬಿಡಿ."

"ಮನೆಯವರ ದಿನ ಏನೋ ಒಂದು ಮಾತು ಹೇಳ್ತೀನಿ ಅಂದಿದ್ರಿ."

"ಅಪ್ಪ ಕೇಳಿಸ್ಕೊಳ್ತಿದ್ದಾರೆ."

"ನನ್ನ ತಪ್ಪು ಅವರ ಮುಂದೇನೇ ಒಪ್ಕೊಂಡೆ. ನಿಮ್ಮದೂ ಅವರ ಮುಂದೇನೇ ಆಗ್ಲಿ."

ಅವನ ಕಿವಿ ಮೊದಲ ದಿನದಂತೆಯೇ ಕೆಂಪಾಯಿತು. "ನನಗೆ ನೀವು ಬೇಕು. ಜೀವನ ಪೂರ್ತಿ ಎದುರಿಗೆ ಕೂತು ಆಡೋಕೆ... ದಯವಿಟ್ಟು ಇದಕ್ಕೂ 'ದಾರಿ ಬಿಡು' ಅನ್ನೋ ಸಾಲು ಬರೀಬೇಡಿ!"

ಅವಳು ಹಲಗೆಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಬರೆಯಲ್ಲ. 'ಆಡ್ತೀನಿ' ಅನ್ನೋದೊಂದೇ ಇಡ್ತೀನಿ."