ಹ್ಯಾಂಡಲ್ ಹೊಡೆಯುವ ಕೈ

ಅಂಬಾಸಿಡರ್‌ನ ಹೆಡ್‌ಲೈಟಿಗೆ ಕಬ್ಬಿಣದ ರಾಡು ಬಿದ್ದಾಗ ಪೂವಮ್ಮ ಇನ್ನೂ ನಗುತ್ತಲೇ ಇದ್ದಳು.

ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಫ್ಲೈಓವರ್ ಏರುವಾಗ ಗೆಳೆಯ ಪೃಥ್ವಿಯ ಅಂಬಾಸಿಡರ್ ಪಂದ್ಯ ಗೆದ್ದಿತ್ತು. ಇಳಿದ ಮೇಲಿನ ತಿರುವಿನಲ್ಲಿ, ತಾತ ಬಿಟ್ಟುಹೋದ ಅವಳ ಫಿಯಟ್. ಸರ್ವಿಸ್ ರೋಡಿನಲ್ಲಿ ಎರಡರ ಬಾನೆಟ್ಟೂ ತೆರೆದಿಟ್ಟು, ಪ್ರತಿ ಭಾನುವಾರದಂತೆ ಇಬ್ಬರೂ ವಾದಕ್ಕಿಳಿದಿದ್ದರು.

"ಹೊಸ ಬ್ಯಾಟರಿ, ಹೊಸ ಇಗ್ನಿಷನ್. ಕೀ ತಿರುಗಿಸಿದ್ರೆ ಸಾಕು," ಎಂದ ಪೃಥ್ವಿ. "ನಿಮ್ಮದು? ಈಗಲೂ ಮೂತಿಗೆ ಹ್ಯಾಂಡಲ್ ತೂರಿಸಿ ತಿರುವಿ ಹೊಡೀಬೇಕು."

"ಹೊಡೆಯೋಕೆ ಬರ್ಬೇಕಲ್ಲ, ಕಿದ್ವಾಯಿ ನಗರದ ಸಾಹೇಬ್ರೇ! ಹೆಬ್ಬೆರಳು ಹಿಡಿಗೆ ಸುತ್ತಿದ್ರೆ ಎಂಜಿನ್ ಒದ್ದು ಮೂಳೆ ಮುರಿಯುತ್ತೆ. ನಾಲ್ಕು ಬೆರಳ ಪಕ್ಕದಲ್ಲೇ ಇರ್ಬೇಕು."

"ಎಷ್ಟು ಸಲ ಹೇಳ್ತೀರಿ ತಾಯಿ!" ಅವನು ಆಕಳಿಸಿದ.

ಆ ಆಕಳಿಕೆ ಚುಚ್ಚಿತು. ಸಂಜೆ ದೆಹಲಿಯ ಸರೋಜಿನಿ ನಗರದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಇವನು ಒಂದು ಮಾತು ಆಡಿದ್ದರೆ ಅವಳು ಬೇಡವೆನ್ನುತ್ತಿದ್ದಳು. ಇವನಿಗೆ ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಕೇಳಿಸುವಂತಿರಲಿಲ್ಲ. ಸಂಕಟ ಮುಚ್ಚಲು ಅವಳು ಇನ್ನಷ್ಟು ನಕ್ಕಳು.

ರಾಡು ಬಿದ್ದದ್ದು ಆಗಲೇ.

ಎರಡು ಮುದಿ ಕಾರುಗಳು ಫ್ಲೈಓವರಿನಲ್ಲಿ ಅಕ್ಕಪಕ್ಕ ತೆವಳಿ ದಾರಿ ಕಟ್ಟಿದ್ದವು. ಹಿಂದೆ ಹಾರ್ನ್ ಬಡಿದು ರೇಗಿದ್ದ ಎಸ್‌ಯುವಿಯ ಇಬ್ಬರು ಹುಡುಕಿಕೊಂಡು ಬಂದಿದ್ದರು. ಎರಡನೇ ಏಟಿಗೆ ಹೊಸ ಬ್ಯಾಟರಿ ಸೀಳಿತು. ಮೂರನೆಯದು ಪೃಥ್ವಿಯ ಹುಬ್ಬಿನ ಮೇಲೆ. ರಕ್ತ ಕಣ್ಣಿಗಿಳಿಯಿತು.

"ಇಗ್ಗುತಪ್ಪಾ!" ಕೊಡಗಿನ ದೇವರನ್ನು ಕೂಗುತ್ತ ಪೂವಮ್ಮ ಫಿಯಟ್‌ನ ಹ್ಯಾಂಡಲ್ ಸೆಳೆದು ಬೀಸಿದಳು. ರಾಡು ಹಿಡಿದವನ ಮಣಿಕಟ್ಟು ಲಟಕ್ಕೆಂದಿತು. ಇನ್ನೊಬ್ಬ ಅವಳ ಜಡೆ ಹಿಡಿದೆಳೆದು ಎಡತೋಳು ತಿರುಚಿದ. ಪೃಥ್ವಿ ಅವನ ಮೇಲೆ ಬಿದ್ದು, ತಲೆಯನ್ನು ಮಡ್‌ಗಾರ್ಡಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ.

"ಸಾಕು! ಸತ್ತುಹೋಗ್ತಾನೆ!"

"ರುಕ್! ಲಡ್ಕೋಂ ಕೋ ಲೇಕೆ ಆತೇ ಹೈಂ!" ಇನ್ನಷ್ಟು ಜನರನ್ನು ಕರೆತರುವುದಾಗಿ ಕಿರುಚುತ್ತ ಇಬ್ಬರೂ ಎಸ್‌ಯುವಿ ಹತ್ತಿ ಹೋದರು.

ಅಂಬಾಸಿಡರ್ ಏಳುವಂತಿರಲಿಲ್ಲ. ಫಿಯಟ್‌ನ ಕೀ ತಿರುಗಿಸಿದರೆ ಟಿಕ್ ಎಂದು ಸುಮ್ಮನಾಯಿತು. ಪೂವಮ್ಮನ ಎಡತೋಳು ಮೇಲೇಳಲಿಲ್ಲ.

"ನೀವು ಒಳಗೆ ಕೂತು ಚೋಕ್ ಎಳೀರಿ." ಪೃಥ್ವಿ ಬಾನೆಟ್ ಮುಚ್ಚಿ ಹ್ಯಾಂಡಲ್ ಎತ್ತಿಕೊಂಡ.

"ಬೇಡ, ಕೈ ಮುರ್ಕೋತೀರಿ! ಹೆಬ್ಬೆರಳು..."

ಅವನು ಬಗ್ಗಿ ಎಳೆದ. ಎಂಜಿನ್ ಕುದುರೆಯಂತೆ ಒದೆಯಿತು. ಹ್ಯಾಂಡಲ್ ಹಿಂದಕ್ಕೆ ಚಿಮ್ಮಿದ ಸದ್ದಿಗೆ ಅವಳು ಕಣ್ಣು ಮುಚ್ಚಿದಳು.

ತೆರೆದಾಗ ಗಾಜಿನಾಚೆ ಅವನು ರಕ್ತ ಮೆತ್ತಿದ ಕೈ ಎತ್ತಿ ತೋರಿಸುತ್ತಿದ್ದ. ಹೆಬ್ಬೆರಳು ನಾಲ್ಕು ಬೆರಳ ಪಕ್ಕದಲ್ಲೇ, ನೆಟ್ಟಗೆ, ಅವಳು ಹೇಳಿಕೊಟ್ಟ ಹಾಗೆಯೇ.

ಇನ್ನೊಂದು ಎಳೆತಕ್ಕೆ ಫಿಯಟ್ ಗುಡುಗಿತು. ಅವನು ಪಕ್ಕದಲ್ಲಿ ಬಂದು ಕುಸಿದ.

"ಕೇಳಿಸ್ಕೊಳ್ತಾ ಇದ್ರಾ?"

"ಒಂದೊಂದು ಮಾತೂ. ಆಕಳಿಸಿದ್ರೆ ಹಟಕ್ಕೆ ಇನ್ನೊಂದು ಸಲ ಹೇಳ್ತಿದ್ರಲ್ಲ, ಅದಕ್ಕೇ ಆಕಳಿಸ್ತಿದ್ದೆ."

ಅವಳು ಬಲಗೈಯಲ್ಲಿ ಸ್ಟೀರಿಂಗ್ ಹಿಡಿದಳು. "ಸಂಜೆ ನನ್ನ ನೋಡೋಕೆ ಸರೋಜಿನಿ ನಗರದವರು ಬರ್ತಿದ್ದಾರೆ."

ಹುಬ್ಬಿನ ರಕ್ತ ಒರೆಸಿಕೊಳ್ಳುತ್ತಿದ್ದ ಕೈ ನಿಂತಿತು. ದೂರದಲ್ಲಿ ಅದೇ ಹಾರ್ನ್.

"ಅವರಿಗಿಂತ ಮೊದಲು ನಿನ್ನ ಅಪ್ಪನ ಮುಂದೆ ನಾನು ಕೂರ್ತೀನಿ. ಹೀಗೇ, ಈ ಅಂಗೀಲೇ. ಚಲೋ, ಕ್ಲಚ್ ತುಳಿ."

ಅವಳು ತುಳಿದಳು. ಗೇರ್ ಅವನು ಹಾಕಿದ.